ಕೋಶಪೊರೆಯ ಪ್ರೋಟೀನಿಗೆ ಚಿನ್ನದ ಕಣ ಹಚ್ಚಿದರೂ ಪೊರೆಯ ಮೇಲೆ ಕಾಣುತ್ತಿಲ್ಲ: ತಪ್ಪು ಎಲ್ಲಿದೆ?

ಸಂಶೋಧನಾರ್ಥಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ. ಎ-431 ಎಂಬ ಮಾನವ ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ ಇಜಿಎಫ್ ಎಂಬ ಬೆಳವಣಿಗೆ-ಅಂಶವನ್ನು ಹಿಡಿಯುವ ಇಜಿಎಫ್ ರಿಸೆಪ್ಟರ್ ಎಂಬ ಪ್ರೋಟೀನು ಎಲ್ಲೆಲ್ಲಿ ಗುಂಪುಗೂಡಿದೆ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂಬುದು ನನ್ನ ಉದ್ದೇಶ. ಕೋಶಗಳನ್ನು ಟ್ರಿಪ್ಸಿನ್ ಹಾಕಿ ಬಿಡಿಸಿಕೊಂಡು, 2.5% ಗ್ಲುಟರಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ (ಇದ್ದ ಸ್ಥಿತಿಯಲ್ಲೇ ಬಿಗಿಮಾಡಿ), 1% ಆಸ್ಮಿಯಂ ಟೆಟ್ರಾಕ್ಸೈಡ್ ಕೊಟ್ಟು, ಎಪಾಕ್ಸಿ ರೆಸಿನ್‌ನಲ್ಲಿ ಹುದುಗಿಸಿ ಗಟ್ಟಿ ಬ್ಲಾಕ್ ಮಾಡಿದೆ. ಬಳಿಕ 70 ನ್ಯಾನೊಮೀಟರ್ ದಪ್ಪದ ಸೆಕ್ಷನ್‌ಗಳನ್ನು ಗ್ರಿಡ್ (ಚಿಕ್ಕ ಲೋಹದ ಜಾಲರಿ) ಮೇಲೆ ತೆಗೆದುಕೊಂಡು, ಅವುಗಳ ಮೇಲೆ ಮೊದಲು ರಿಸೆಪ್ಟರನ್ನು ಗುರುತಿಸಿ ಅಂಟುವ ಪ್ರತಿಕಾಯವನ್ನೂ ನಂತರ ಆ ಪ್ರತಿಕಾಯಕ್ಕೇ ಅಂಟುವ, 10 ನ್ಯಾನೊಮೀಟರ್ ಚಿನ್ನದ ಕಣ ಅಂಟಿಸಿದ ಎರಡನೆಯ ಪ್ರತಿಕಾಯವನ್ನೂ ಹಾಕಿದೆ.

ಪೊರೆಗಳು ಅಚ್ಚುಕಟ್ಟಾಗಿ ಕಾಣುತ್ತಿವೆ, ಆದರೆ ಚಿನ್ನದ ಕಣಗಳು ಪೊರೆಯ ಮೇಲೆ ಇಲ್ಲವೇ ಇಲ್ಲ. ಅಲ್ಲೊಂದು ಇಲ್ಲೊಂದು ಕಣ ನ್ಯೂಕ್ಲಿಯಸ್ ಮೇಲೆ, ಕೆಲವು ಬರೀ ರೆಸಿನ್ ಮೇಲೆ ಬಿದ್ದಿವೆ. ಇದೇ ಪ್ರತಿಕಾಯವು ವೆಸ್ಟರ್ನ್ ಬ್ಲಾಟ್‌ನಲ್ಲಿ (ಕೋಶದಿಂದ ತೆಗೆದ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಗುರುತಿಸುವ ಪರೀಕ್ಷೆಯಲ್ಲಿ) ಸ್ಪಷ್ಟವಾದ ಪಟ್ಟಿ ಕೊಡುತ್ತದೆ. ಮೂರು ಸಲ ಮಾಡಿದರೂ ಫಲ ಒಂದೇ. ಪ್ರತಿಕಾಯದ ಪ್ರಮಾಣ ಹೆಚ್ಚಿಸಿದರೆ ರೆಸಿನ್ ಮೇಲಿನ ಕಣಗಳು ಹೆಚ್ಚುತ್ತವೆಯೇ ಹೊರತು ಪೊರೆಯ ಮೇಲಿನವು ಹೆಚ್ಚುವುದಿಲ್ಲ. ಅನುಭವಿಗಳು ದಾರಿ ತೋರಿಸಬೇಕೆಂದು ವಿನಂತಿ.

ನಿವೃತ್ತ ತಂತ್ರಜ್ಞ, ಸಪ್ತಾಪುರ

ತಂಗಿ, ನಿನ್ನ ಪೊರೆಗಳು ಅಚ್ಚುಕಟ್ಟಾಗಿ ಕಾಣುತ್ತಿರುವುದೇ ಮೊದಲ ಸುಳಿವು. ರಚನೆಯನ್ನು ಚೆನ್ನಾಗಿ ಉಳಿಸಿಕೊಡುವ ಮೂರು ವಸ್ತುಗಳನ್ನು ನೀನು ಒಂದರ ಮೇಲೊಂದು ಬಳಸಿದ್ದೀಯ, ಆ ಮೂರೂ ಪ್ರತಿಕಾಯಕ್ಕೆ ವೈರಿಗಳು. ಗ್ಲುಟರಾಲ್ಡಿಹೈಡ್ ಪ್ರೋಟೀನಿನಲ್ಲಿರುವ ಲೈಸಿನ್‌ಗಳನ್ನು ಒಂದಕ್ಕೊಂದು ಬಿಗಿದು ಕಟ್ಟುತ್ತದೆ, ಆ ಕಟ್ಟಿನಲ್ಲಿ ಪ್ರತಿಕಾಯವು ಗುರುತಿಸುವ ಜಾಗವೇ ಮುಚ್ಚಿಹೋಗಬಹುದು. ಆಸ್ಮಿಯಂ ಕೊಬ್ಬನ್ನು ಹಿಡಿದಿಡುವ ಜೊತೆಗೆ ಪ್ರೋಟೀನನ್ನೂ ಉತ್ಕರ್ಷಿಸಿ ಕೆಡಿಸುತ್ತದೆ. ಇನ್ನು ಎಪಾಕ್ಸಿ ರೆಸಿನ್ ಕೋಶದ ಪ್ರೋಟೀನುಗಳ ಜೊತೆಗೇ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ ಮತ್ತು ನೀರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಪ್ರತಿಕಾಯಕ್ಕೆ ಸಿಗುವುದು ಸೆಕ್ಷನ್‌ನ ಮೇಲ್ಪದರದಲ್ಲಿ ಆಕಸ್ಮಿಕವಾಗಿ ತೆರೆದುಕೊಂಡ ಅಷ್ಟಿಷ್ಟು ಪ್ರೋಟೀನು ಮಾತ್ರ.

ಸೆಕ್ಷನ್ ಮೇಲೆಯೇ ಗುರುತು ಹಚ್ಚಬೇಕಾದವರು ಆಸ್ಮಿಯಂ ಬಿಟ್ಟು, ಎಲ್‌ಆರ್ ವೈಟ್ ಅಥವಾ ಲೊವಿಕ್ರಿಲ್‌ನಂತಹ ಅಕ್ರಿಲಿಕ್ ರೆಸಿನ್ ಹಿಡಿಯುತ್ತಾರೆ. ಇಲ್ಲವೇ 1973ರಲ್ಲಿ ಟೊಕುಯಾಸು ಅವರು ತೋರಿಸಿದಂತೆ, ಸಕ್ಕರೆ ದ್ರಾವಣದಲ್ಲಿ ನೆನೆಸಿ ಹೆಪ್ಪುಗಟ್ಟಿಸಿದ ಅಂಗಾಂಶವನ್ನು ರೆಸಿನ್ ಇಲ್ಲದೆಯೇ ಕತ್ತರಿಸುತ್ತಾರೆ, ಆದರೆ ಅದಕ್ಕೆ ಬೇರೆಯದೇ ಯಂತ್ರ, ಬೇರೆಯದೇ ಕೈಪಳಗು ಬೇಕು. ನಿನಗೆ ಇವೆರಡೂ ಬೇಕಿಲ್ಲ. ನಿನ್ನ ಪ್ರೋಟೀನು ಕೋಶದ ಹೊರಗೆ ತಲೆಯೆತ್ತಿ ನಿಂತಿದೆ. ಬಾಗಿಲ ಹೊರಗೆ ಕುಳಿತವನನ್ನು ಮಾತನಾಡಿಸಲು ಮನೆಯ ಗೋಡೆ ಒಡೆಯಬೇಕಾಗಿಲ್ಲ. ಬ್ಲಾಕ್ ಮಾಡುವ ಮೊದಲೇ ಇಡೀ ಕೋಶಕ್ಕೆ ಪ್ರತಿಕಾಯವನ್ನೂ ಚಿನ್ನವನ್ನೂ ಹಚ್ಚು. ಆಮೇಲೆ ಗ್ಲುಟರಾಲ್ಡಿಹೈಡ್, ಆಸ್ಮಿಯಂ, ಎಪಾಕ್ಸಿ ಎಲ್ಲವನ್ನೂ ಧಾರಾಳವಾಗಿ ಕೊಡು. ಒಮ್ಮೆ ಕುಳಿತ ಚಿನ್ನವನ್ನು ಆಸ್ಮಿಯಂ ಏನೂ ಮಾಡುವುದಿಲ್ಲ.

ಇನ್ನೊಂದು ಮಾತು. ಹೊರಮೈಯ ಪ್ರೋಟೀನನ್ನು ನೋಡಲು ಹೊರಟವರು ಟ್ರಿಪ್ಸಿನ್ ಹಾಕುವುದೇ? ಅದು ಪ್ರೋಟೀನು ಕತ್ತರಿಸುವ ಕಿಣ್ವ, ಮೊದಲು ಸಿಗುವುದು ಹೊರಗಿರುವುದನ್ನೇ. ತಟ್ಟೆಗೆ ಅಂಟಿದ ಹಾಗೆಯೇ ಕೋಶಗಳಿಗೆ ಗುರುತು ಹಚ್ಚಿ, ಫಿಕ್ಸ್ ಆದ ನಂತರ ಮೆಲ್ಲನೆ ಕೆರೆದು ತೆಗೆ.

ಉಪನ್ಯಾಸಕಿ, ರಾಣೇಬೆನ್ನೂರು

ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುವವಳು, ಈ ಯಂತ್ರವನ್ನು ಚಿತ್ರದಲ್ಲಿ ಮಾತ್ರ ಕಂಡವಳು. ಒಂದು ಮೂಲಭೂತ ಪ್ರಶ್ನೆ ಕೇಳಲು ಅನುಮತಿ ಇರಲಿ. ಫ್ಲೋರೆಸೆಂಟ್ ಬಣ್ಣ ಹಚ್ಚಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಬಹುದಾದುದಕ್ಕೆ ಚಿನ್ನವೇ ಏಕೆ ಬೇಕು? ಮಕ್ಕಳು ಕೇಳಿದಾಗ «ಎಲೆಕ್ಟ್ರಾನಿಗೆ ಬಣ್ಣ ಕಾಣುವುದಿಲ್ಲ» ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದೇನೆ.

ಗದಗಿನವನು, ಈಗ ಪರದೇಶದ ಪ್ರಯೋಗಾಲಯದಲ್ಲಿ

ಮೇಡಂ, ನೀವು ಹೇಳುತ್ತಿರುವುದು ಸರಿಯಾಗಿಯೇ ಇದೆ, ಅದಕ್ಕೆ ಎರಡು ಮಾತು ಸೇರಿಸಬಹುದು. ಮೊದಲನೆಯದು, ಬೆಳಕಿನ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಒಂದೇ ಎಂದು ತೋರಿಸುತ್ತದೆ, ಕೋಶಪೊರೆಯ ದಪ್ಪವಾದರೋ 10 ನ್ಯಾನೊಮೀಟರ್‌ಗೂ ಕಡಿಮೆ. ಎರಡನೆಯದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪಾಗಿ ಕಾಣುವುದೆಂದರೆ ಎಲೆಕ್ಟ್ರಾನುಗಳನ್ನು ಚದುರಿಸುವುದು, ಅದು ಪರಮಾಣು ಭಾರವಾದಷ್ಟೂ ಹೆಚ್ಚು. ಪ್ರೋಟೀನಿನಲ್ಲಿರುವ ಇಂಗಾಲದ ಪರಮಾಣು ಸಂಖ್ಯೆ 6, ಸಾರಜನಕದ್ದು 7, ಆಮ್ಲಜನಕದ್ದು 8, ರೆಸಿನ್‌ನಲ್ಲಿರುವುದೂ ಇವೇ. ಹೀಗಾಗಿ ಪ್ರೋಟೀನು ತನ್ನಷ್ಟಕ್ಕೆ ತಾನು ಕಾಣುವುದೇ ಇಲ್ಲ. ಚಿನ್ನದ ಪರಮಾಣು ಸಂಖ್ಯೆ 79. ಪೊರೆಗೆ ಕಪ್ಪು ಅಂಚು ಬರುವುದು ಆಸ್ಮಿಯಂನಿಂದ, ಅದರದ್ದು 76. ಸೀಸ 82, ಯುರೇನಿಯಂ 92. ನಾವು ನೋಡುವ ಚಿತ್ರವೆಲ್ಲ ಈ ಭಾರ ಲೋಹಗಳ ನೆರಳೇ.

ಚಿನ್ನಕ್ಕಿಂತ ಮೊದಲು ಬಂದದ್ದು ಕಬ್ಬಿಣ. ಎಸ್. ಜೆ. ಸಿಂಗರ್ 1959ರಲ್ಲಿ ಪ್ರತಿಕಾಯಕ್ಕೆ ಫೆರಿಟಿನ್ ಜೋಡಿಸಿದರು. ಫೆರಿಟಿನ್ ಎಂದರೆ ಸುಮಾರು 12 ನ್ಯಾನೊಮೀಟರ್ ಅಗಲದ ಪ್ರೋಟೀನಿನ ಡಬ್ಬಿ, ಅದರೊಳಗೆ 4500ರವರೆಗೆ ಕಬ್ಬಿಣದ ಪರಮಾಣುಗಳು ತುಂಬಿರಬಲ್ಲವು. ಕೋಶಪೊರೆಯಲ್ಲಿ ಪ್ರೋಟೀನುಗಳು ತೇಲಾಡುತ್ತವೆ ಎಂಬ, ನೀವು ತರಗತಿಯಲ್ಲಿ ಕಲಿಸುವ 1972ರ ಮಾದರಿಯನ್ನು ನಿಕಲ್ಸನ್ ಜೊತೆ ಸೇರಿ ಮಂಡಿಸಿದವರೂ ಇದೇ ಸಿಂಗರ್. ಪೊರೆಯ ಮೇಲೆ ಪ್ರೋಟೀನು ಹೇಗೆ ಹರಡಿದೆ ಎಂದು ಕಣ್ಣಿಂದ ನೋಡುವ ಸಾಧನ ಅವರ ಕೈಯಲ್ಲಿತ್ತು. 1971ರಲ್ಲಿ ಫಾಕ್ ಮತ್ತು ಟೇಲರ್ ಚಿನ್ನದ ಕಲಾಯ್ಡ್ ಕಣಗಳಿಗೆ ಪ್ರತಿಕಾಯ ಅಂಟಿಸಿದರು. ಅವರು ನೋಡಿದ್ದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಹೊರಮೈಯನ್ನು. ಎಂದರೆ ಈ ವಿಧಾನ ಹುಟ್ಟಿದ್ದೇ ಹೊರಮೈಯ ಗುರುತಿಗಾಗಿ. 1973ರಲ್ಲಿ ಫ್ರೆನ್ಸ್, ಸಿಟ್ರೇಟ್ ಪ್ರಮಾಣ ಬದಲಿಸಿ ಕಣಗಳ ಗಾತ್ರವನ್ನು ಬೇಕಾದಂತೆ ಪಡೆಯುವ ಬಗೆ ತೋರಿಸಿದ ಮೇಲೆ ಫೆರಿಟಿನ್ ಹಿಂದೆ ಸರಿಯಿತು. ಫೆರಿಟಿನ್‌ನ ನಡು ಮಾತ್ರ ಮಸುಕಾಗಿ ಕಪ್ಪು. ಚಿನ್ನ ಹಾಗಲ್ಲ, ಗುಂಡಗೆ, ಅಂಚು ಹರಿತವಾಗಿ, ಎಣಿಸಲು ಬರುವಂತೆ ಕಾಣುತ್ತದೆ. ಎರಡು ಗಾತ್ರದ ಕಣ ಬಳಸಿದರೆ ಎರಡು ಪ್ರೋಟೀನುಗಳನ್ನು ಒಂದೇ ಚಿತ್ರದಲ್ಲಿ ನೋಡಬಹುದು.

ಪ್ರಶ್ನೆ ಕೇಳಿದ ಸಹೋದರಿಗೆ ಒಂದು ಸಂತೋಷದ ಸಂಗತಿ: ನಿಮ್ಮದೇ ಎ-431 ಕೋಶಗಳ ಮೇಲೆ, ಇಜಿಎಫ್‌ಗೆ ಫೆರಿಟಿನ್ ಜೋಡಿಸಿ, ಅದು ಪೊರೆಗೆ ಅಂಟಿ ಒಳಗೆ ಹೋಗುವುದನ್ನು ಹೈಗ್ಲರ್, ಮೆಕ್ಕೆನಾ ಮತ್ತು ಸ್ಟ್ಯಾನ್ಲಿ ಕೋಹೆನ್ 1979ರಲ್ಲೇ ತೋರಿಸಿದ್ದಾರೆ. ಆ ಕೋಹೆನ್ ಅವರಿಗೆ ನೊಬೆಲ್ ಬಂದ 1986ರಲ್ಲಿಯೇ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ರೂಪಿಸಿದ ಅರ್ನ್ಸ್ಟ್ ರುಸ್ಕಾ ಅವರಿಗೂ ಭೌತವಿಜ್ಞಾನದ ನೊಬೆಲ್ ಬಂತು, ಯಂತ್ರ ಕಟ್ಟಿ ಅರ್ಧ ಶತಮಾನ ಕಳೆದ ಮೇಲೆ.

ಸಂಶೋಧನಾರ್ಥಿ, ಧಾರವಾಡ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ಸಪ್ತಾಪುರದ ಸರ್ ಹೇಳಿದಂತೆ ಟ್ರಿಪ್ಸಿನ್ ಬಿಟ್ಟೆ. ತಟ್ಟೆಯಲ್ಲಿಯೇ, ಮಂಜುಗಡ್ಡೆಯ ಮೇಲಿಟ್ಟು, ಜೀವಂತ ಕೋಶಗಳಿಗೆ ಪ್ರತಿಕಾಯ ಹಾಕಿ, ತೊಳೆದು, ಚಿನ್ನ ಹಾಕಿ, ತೊಳೆದು, ಆಮೇಲೆ ಮಾಮೂಲಿನಂತೆ ಬ್ಲಾಕ್ ಮಾಡಿದೆ. ಈಗ ರೆಸಿನ್ ಮೇಲೆ ಒಂದೂ ಕಣವಿಲ್ಲ, ನ್ಯೂಕ್ಲಿಯಸ್ ಮೇಲೂ ಇಲ್ಲ. ಹಿನ್ನೆಲೆ ಅಷ್ಟು ಶುಭ್ರವಾಗಿದೆ. ದುಃಖವೆಂದರೆ ಪೊರೆಯ ಮೇಲೂ ಇಲ್ಲ. ಸತ್ತು ಬಿರುಕುಬಿಟ್ಟ ಒಂದೆರಡು ಕೋಶಗಳಲ್ಲಿ ಮಾತ್ರ ಪೊರೆಯ ಒಳಬದಿಗೆ ಹತ್ತಿಕೊಂಡು ಒಳ್ಳೆಯ ಸಂಖ್ಯೆಯಲ್ಲಿ ಕಣಗಳಿವೆ. ಇದು ನನಗೆ ಅರ್ಥವಾಗುತ್ತಿಲ್ಲ.

ಪೆಥಾಲಜಿ ವೈದ್ಯ, ವಿದ್ಯಾನಗರ, ಹುಬ್ಬಳ್ಳಿ

ಸತ್ತ ಕೋಶಗಳೇ ನಿಮಗೆ ಉತ್ತರ ಹೇಳುತ್ತಿವೆ. ನಿಮ್ಮ ಪ್ರತಿಕಾಯವನ್ನು ರಿಸೆಪ್ಟರ್‌ನ ಯಾವ ತುದಿಯ ವಿರುದ್ಧ ತಯಾರಿಸಿದ್ದಾರೆ ಎಂದು ಅದರ ಜೊತೆ ಬಂದ ಹಾಳೆಯಲ್ಲಿ ದಯವಿಟ್ಟು ನೋಡಿ. ಇಜಿಎಫ್ ರಿಸೆಪ್ಟರ್ ಪೊರೆಯನ್ನು ಒಂದೇ ಸಲ ಹಾಯುವ ಪ್ರೋಟೀನು. ಅಮೈನೊ ತುದಿ ಹೊರಗೆ, ಕಾರ್ಬಾಕ್ಸಿ ತುದಿ ಒಳಗೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರೋಟೀನನ್ನು ಡಿಟರ್ಜೆಂಟ್‌ನಲ್ಲಿ ಕುದಿಸಿ ಬಿಚ್ಚಿ ಹರಡಿರುತ್ತೀರಿ, ಆದ್ದರಿಂದ ಎರಡು ತುದಿಗಳೂ ಸಿಗುತ್ತವೆ. ಜೀವಂತ ಕೋಶದಲ್ಲಿ ಹಾಗಾಗದು.

ಸಂಶೋಧನಾರ್ಥಿ, ಧಾರವಾಡ

ಸರ್, ನೋಡಿದೆ. «ಕಾರ್ಬಾಕ್ಸಿ ತುದಿಯ ಪೆಪ್ಟೈಡ್» ಎಂದು ಎರಡನೆಯ ಸಾಲಿನಲ್ಲಿಯೇ ಬರೆದಿದೆ. ನಾಲ್ಕು ತಿಂಗಳಿನಿಂದ ಆ ಹಾಳೆ ನನ್ನ ಮೇಜಿನ ಖಾನೆಯಲ್ಲಿತ್ತು. ಹೊರಭಾಗವನ್ನು ಗುರುತಿಸುವ ಇಲಿಯ ಮಾನೊಕ್ಲೋನಲ್ ಪ್ರತಿಕಾಯಕ್ಕೆ ಬೇಡಿಕೆ ಸಲ್ಲಿಸಿದ್ದೇನೆ. ಅದು ಬರುವವರೆಗೆ ಉಳಿದ ಹಂತಗಳನ್ನು ಸರಿಪಡಿಸಿಕೊಳ್ಳಬೇಕೆಂದಿದ್ದೇನೆ. ಜೀವಂತ ಕೋಶಕ್ಕೇ ಹಚ್ಚಬೇಕೇ, ಅಥವಾ ಮೊದಲು ಸ್ವಲ್ಪ ಫಿಕ್ಸ್ ಮಾಡಿ ಹಚ್ಚಬೇಕೇ?

ಗದಗಿನವನು, ಈಗ ಪರದೇಶದ ಪ್ರಯೋಗಾಲಯದಲ್ಲಿ

ನಿಮ್ಮ ಪ್ರಶ್ನೆ «ಗುಂಪುಗೂಡಿದೆಯೇ» ಎಂಬುದಾದರೆ, ಮೊದಲು ಫಿಕ್ಸ್ ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿಕಾಯಕ್ಕೆ ಎರಡು ಕೈಗಳಿವೆ, ಒಂದೊಂದು ಕೈಯಲ್ಲಿ ಒಂದೊಂದು ಪ್ರೋಟೀನನ್ನು ಹಿಡಿಯಬಲ್ಲದು. ಅದರ ಮೇಲೆ ಬರುವ ಎರಡನೆಯ ಪ್ರತಿಕಾಯಕ್ಕೂ ಎರಡು ಕೈಗಳು. ಪೊರೆಯಲ್ಲಿ ತೇಲುವ ಪ್ರೋಟೀನುಗಳನ್ನು ಇವು ಹೀಗೆ ಜೋಡಿಸುತ್ತ ಹೋದರೆ ಚದುರಿದ್ದವು ಗುಂಪಾಗುತ್ತವೆ, ಗುಂಪುಗಳು ಕೋಶದ ಒಂದು ತುದಿಗೆ ಟೊಪ್ಪಿಗೆಯಂತೆ ಸೇರಿಕೊಳ್ಳುತ್ತವೆ. ಟೇಲರ್, ಡಫಸ್, ರಾಫ್ ಮತ್ತು ಡಿ ಪೆಟ್ರಿಸ್ 1971ರಲ್ಲಿ ಲಿಂಫೊಸೈಟ್‌ಗಳ ಮೇಲೆ ಇದನ್ನೇ ವರದಿ ಮಾಡಿದರು. ಇಜಿಎಫ್ ರಿಸೆಪ್ಟರ್ ಅಂತೂ ಜೋಡಿಯಾದರೆ ಕೋಶದೊಳಕ್ಕೆ ಹೊರಡುವ ಸ್ವಭಾವದ್ದು. ಮಂಜುಗಡ್ಡೆಯ ಮೇಲೆ ಒಳಸೇರುವಿಕೆ ನಿಲ್ಲುತ್ತದೆ, ಆದರೆ ನೆರೆಯ ಪ್ರೋಟೀನುಗಳನ್ನು ಪ್ರತಿಕಾಯ ಎಳೆದು ಹತ್ತಿರ ತರುವುದು ಪೂರ್ತಿ ನಿಲ್ಲುವುದಿಲ್ಲ. ಹಾಗಾದಾಗ ನೀವು ಚಿತ್ರದಲ್ಲಿ ನೋಡುವ ಗುಂಪನ್ನು ಕಟ್ಟಿದವರು ನೀವೇ ಆಗಿರುತ್ತೀರಿ.

ಫಿಕ್ಸ್ ಮಾಡುವುದರಲ್ಲಿಯೂ ಒಂದು ಬಲೆ ಇದೆ. ಫಾರ್ಮಾಲ್ಡಿಹೈಡ್ ಮಾತ್ರ ಕೊಟ್ಟರೆ ಪೊರೆಯ ಅನೇಕ ಅಣುಗಳು ಆಮೇಲೂ ಓಡಾಡುತ್ತಲೇ ಇರುತ್ತವೆ ಎಂದು 2010ರಲ್ಲಿ ತನಾಕ ಮತ್ತು ಸಂಗಡಿಗರು ಒಂದೊಂದೇ ಅಣುವನ್ನು ಹಿಂಬಾಲಿಸಿ ತೋರಿಸಿದ್ದಾರೆ. ಅಲ್ಪ ಪ್ರಮಾಣದ ಗ್ಲುಟರಾಲ್ಡಿಹೈಡ್ ಸೇರಿಸಿದಾಗಲೇ ಓಡಾಟ ಬಹುಮಟ್ಟಿಗೆ ನಿಲ್ಲುವುದು. ಆದ್ದರಿಂದ 4% ಫಾರ್ಮಾಲ್ಡಿಹೈಡ್ ಜೊತೆಗೆ 0.1ರಿಂದ 0.2% ಗ್ಲುಟರಾಲ್ಡಿಹೈಡ್ ಕೊಟ್ಟು, ಉಳಿದ ಆಲ್ಡಿಹೈಡ್ ಕೊನೆಗಳನ್ನು 50 ಮಿಲಿಮೋಲಾರ್ ಗ್ಲೈಸಿನ್‌ನಿಂದ ತಣಿಸಿ, ಆಮೇಲೆ ಪ್ರತಿಕಾಯ ಹಾಕಿ. ತಣಿಸುವ ಹಂತ ಮರೆತರೆ ಆ ಕೊನೆಗಳು ಪ್ರತಿಕಾಯವನ್ನೇ ಹಿಡಿದುಕೊಂಡು ಎಲ್ಲೆಲ್ಲೂ ಕಣ ಕಾಣಿಸುತ್ತವೆ.

ನಿವೃತ್ತ ತಂತ್ರಜ್ಞ, ಸಪ್ತಾಪುರ

ನಮ್ಮ ಗದಗಿನ ತಮ್ಮನ ಮಾತಿಗೆ ಅರ್ಧ ಒಪ್ಪುತ್ತೇನೆ. ಸೂತ್ರ ಸರಿಯಾಗಿದೆ, ಆದರೆ 0.2% ಗ್ಲುಟರಾಲ್ಡಿಹೈಡ್‌ಗೇ ಸೋತು ಕೈಯೆತ್ತುವ ಪ್ರತಿಕಾಯಗಳನ್ನು ನನ್ನ ಸೇವಾವಧಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಹೊಸ ಪ್ರತಿಕಾಯ ಬಂದಾಗ ನೇರವಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಓಡಬಾರದು. ನಾಲ್ಕು ಕವರ್‌ಸ್ಲಿಪ್ ತೆಗೆದುಕೊಂಡು, ಒಂದಕ್ಕೆ ಏನೂ ಇಲ್ಲದೆ, ಒಂದಕ್ಕೆ ಫಾರ್ಮಾಲ್ಡಿಹೈಡ್ ಮಾತ್ರ, ಉಳಿದೆರಡಕ್ಕೆ 0.05 ಮತ್ತು 0.2% ಗ್ಲುಟರಾಲ್ಡಿಹೈಡ್ ಸೇರಿಸಿ ಫಿಕ್ಸ್ ಮಾಡಿ, ಫ್ಲೋರೆಸೆಂಟ್ ಪ್ರತಿಕಾಯದಿಂದ ನೋಡು. ಅರ್ಧ ದಿನದ ಕೆಲಸ. ಹೊಳಪು ಎಲ್ಲಿ ಕುಂದುತ್ತದೆಯೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲು. ಬ್ಲಾಕ್ ಮಾಡಿ, ಕತ್ತರಿಸಿ, ಯಂತ್ರದ ಸರದಿಗೆ ಕಾದು, ಒಂದು ತಿಂಗಳ ನಂತರ ಪ್ರತಿಕಾಯ ಅಂಟಿಲ್ಲವೆಂದು ತಿಳಿಯುವುದಕ್ಕಿಂತ ಇದು ಎಷ್ಟೋ ಮೇಲು. ಫಿಕ್ಸ್ ಮಾಡಿದರೆ ಹಿಡಿಯುವುದೇ ಇಲ್ಲವೆಂದಾದರೆ, ಒಂದೇ ಕೈಯಿರುವ ಫ್ಯಾಬ್ ತುಣುಕನ್ನು ಜೀವಂತ ಕೋಶಕ್ಕೆ ತಣ್ಣಗಿರುವಾಗ ಹಾಕಿ, ಆಮೇಲೆ ಫಿಕ್ಸ್ ಮಾಡಿ, ಎರಡನೆಯದನ್ನು ಹಾಕುವ ದಾರಿಯೂ ಇದೆ.

ಪೆಥಾಲಜಿ ವೈದ್ಯ, ವಿದ್ಯಾನಗರ, ಹುಬ್ಬಳ್ಳಿ

ಎಲ್ಲರೂ ವಿಧಾನದ ಬಗ್ಗೆ ಮಾತನಾಡುತ್ತಿದ್ದಾರೆ, ಕಂಟ್ರೋಲ್ (ಹೋಲಿಕೆಗಾಗಿ ಇಡುವ ಮಾದರಿ) ಬಗ್ಗೆ ಯಾರೂ ಎತ್ತಿಲ್ಲ. ಮೊದಲ ಪ್ರತಿಕಾಯ ಬಿಟ್ಟು ಚಿನ್ನ ಮಾತ್ರ ಹಾಕಿದ ಮಾದರಿಯೊಂದನ್ನೇ ತೋರಿಸಿ ಸಾಕೆನ್ನುವ ಪ್ರಬಂಧಗಳನ್ನು ನೋಡಿ ನನಗೆ ಬೇಸರ ಬಂದಿದೆ. ಎರಡನೆಯ ಪ್ರತಿಕಾಯ ಸುಮ್ಮಸುಮ್ಮನೆ ಅಂಟುತ್ತಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಮೊದಲ ಪ್ರತಿಕಾಯ ತನ್ನ ಪ್ರೋಟೀನಿಗೇ ಅಂಟುತ್ತಿದೆ ಎಂಬುದನ್ನು ಅದು ತೋರಿಸುವುದಿಲ್ಲ. ಅದನ್ನು ತೋರಿಸಲು ಆ ಪ್ರೋಟೀನೇ ಇಲ್ಲದ ಅದೇ ಬಗೆಯ ಕೋಶ ಬೇಕು.

ಅಂತಹ ಜೋಡಿ ಪ್ರತಿಯೊಂದು ರಕ್ತನಿಧಿಯಲ್ಲಿಯೂ ಇದೆ. ಆರ್‌ಎಚ್ ಪಾಸಿಟಿವ್ ರಕ್ತದ ಕೆಂಪುಕಣಗಳ ಮೇಲೆ ಡಿ ಪ್ರೋಟೀನು ಇರುತ್ತದೆ, ನೆಗೆಟಿವ್ ಕಣಗಳ ಮೇಲೆ ಇರುವುದಿಲ್ಲ. ಉಳಿದೆಲ್ಲ ವಿಷಯದಲ್ಲಿ ಎರಡೂ ಸರಿಸುಮಾರು ಒಂದೇ. ಎ, ಬಿ ಗುಂಪುಗಳ ಗುರುತು ಸಕ್ಕರೆಯದ್ದು, ಆದರೆ ಡಿ ನಿಜವಾದ ಪೊರೆ ಪ್ರೋಟೀನು, ಪೊರೆಯನ್ನು ಹನ್ನೆರಡು ಸಲ ಹಾಯುತ್ತದೆ. ಬಲಿತ ಕೆಂಪುಕಣ ಪ್ರತಿಕಾಯವನ್ನು ಒಳಗೆ ನುಂಗುವುದೂ ಇಲ್ಲ. ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಅಗ್ಗದ, ಒಳ್ಳೆಯ ಮಾದರಿ ನನಗೆ ತಿಳಿದಿಲ್ಲ.

ನಾವು ದಿನವೂ ಮಾಡುವ ಕೂಂಬ್ಸ್ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. 1945ರಲ್ಲಿ ಕೂಂಬ್ಸ್, ಮೂರಾಂಟ್ ಮತ್ತು ರೇಸ್ ಎದುರಿಸಿದ ತೊಂದರೆಯೂ ಕಾಣದ ಪ್ರತಿಕಾಯದ್ದೇ. ಐಜಿಜಿ ಬಗೆಯ ಆಂಟಿ-ಡಿ (ಡಿ ಪ್ರೋಟೀನಿಗೆ ಅಂಟುವ ಪ್ರತಿಕಾಯ) ಕೆಂಪುಕಣಕ್ಕೆ ಅಂಟಿದರೂ ಸಲೈನ್‌ನಲ್ಲಿ ಕಣಗಳು ಗಂಟುಕಟ್ಟುವುದಿಲ್ಲ, ಮಾನವ ಪ್ರತಿಕಾಯವನ್ನು ಗುರುತಿಸುವ ಎರಡನೆಯ ಪ್ರತಿಕಾಯ ಹಾಕಿದಾಗ ಗಂಟುಕಟ್ಟುತ್ತವೆ. ಆ ಎರಡನೆಯದಕ್ಕೆ ಚಿನ್ನದ ಕಣ ಜೋಡಿಸಿದರೆ ಅದೇ ನಿಮ್ಮ ಪ್ರಯೋಗ. ಕೆಂಪುಕಣಗಳನ್ನು ಸಲೈನ್‌ನಲ್ಲಿ ಮೂರು ಸಲವಾದರೂ ತೊಳೆಯಿರಿ. ಪ್ಲಾಸ್ಮಾದ ಐಜಿಜಿ ಒಂದಿಷ್ಟು ಉಳಿದರೂ ಅದು ಚಿನ್ನವನ್ನು ದಾರಿಯಲ್ಲಿಯೇ ಹಿಡಿದುಕೊಳ್ಳುತ್ತದೆ, ಕೂಂಬ್ಸ್ ಪರೀಕ್ಷೆ ಸುಳ್ಳು ನೆಗೆಟಿವ್ ಆಗುವುದೂ ಇದೇ ಕಾರಣಕ್ಕೆ. 37 ಡಿಗ್ರಿಯಲ್ಲಿ ಐಜಿಜಿ ಆಂಟಿ-ಡಿ ಹಾಕಿ, ತೊಳೆದು, ಲಘುವಾಗಿ ಫಿಕ್ಸ್ ಮಾಡಿ ತಣಿಸಿ, ಆಮೇಲೆ ಮಾನವ ಐಜಿಜಿ ವಿರುದ್ಧದ ಚಿನ್ನ ಹಾಕಿ. ನಡುವೆ ಫಿಕ್ಸ್ ಮಾಡುವುದರಿಂದ ಡಿ ಪ್ರೋಟೀನುಗಳು ಇದ್ದಲ್ಲಿಯೇ ಉಳಿಯುತ್ತವೆ. ಐಜಿಎಂ ಬಗೆಯ ಪ್ರತಿಕಾಯ ಬೆರೆತ ಆಂಟಿ-ಡಿ ತರಬೇಡಿ, ಅದು ಮೊದಲ ಹಂತದಲ್ಲಿಯೇ ಎಲ್ಲವನ್ನೂ ಗಂಟುಕಟ್ಟಿಸುತ್ತದೆ. ರಕ್ತದ ಮಾದರಿ ಪಡೆಯುವ ಮುನ್ನ ನೈತಿಕ ಸಮಿತಿಯ ಒಪ್ಪಿಗೆ ಮಾತ್ರ ಕಡ್ಡಾಯ.

ನಿಕಲ್ಸನ್, ಮಸೂರೆಡಿಸ್ ಮತ್ತು ಸಿಂಗರ್ 1971ರಲ್ಲಿ ಫೆರಿಟಿನ್ ಬಳಸಿ ಇದನ್ನೇ ಮಾಡಿದ್ದಾರೆ. ಅವರು ಸೆಕ್ಷನ್ ಕತ್ತರಿಸುವ ಗೋಜಿಗೇ ಹೋಗಲಿಲ್ಲ. ಒಡೆದ ಕೆಂಪುಕಣಗಳ ಪೊರೆಯನ್ನು ಚಪ್ಪಟೆಯಾಗಿ ಹರಡಿ ಮೇಲಿನಿಂದ ನೋಡಿದರು, ಡಿ ಪ್ರೋಟೀನುಗಳು ಒಂಟಿಒಂಟಿಯಾಗಿ ಕ್ರಮವಿಲ್ಲದೆ ಚದುರಿರುವುದನ್ನು ಕಂಡರು.

ನಿವೃತ್ತ ತಂತ್ರಜ್ಞ, ಸಪ್ತಾಪುರ

ವೈದ್ಯರ ಸಲಹೆ ಬಂಗಾರದಂಥದ್ದು. ಒಂದು ಎಚ್ಚರಿಕೆ ಮಾತ್ರ: ಚಿನ್ನದ ಖರ್ಚು ಉಳಿಸಲೆಂದು ಯಾರಾದರೂ ಪೆರಾಕ್ಸಿಡೇಸ್ ಎಂಬ ಕಿಣ್ವ ಜೋಡಿಸಿದ ಪ್ರತಿಕಾಯ ಮತ್ತು ಅದರಿಂದ ಕಪ್ಪು ಮಸಿಯಾಗುವ ಡಿಎಬಿ ಬಳಸಿಯೇವೆಂದರೆ, ಕೆಂಪುಕಣದಲ್ಲಿ ಅದು ನಡೆಯದು. ಹಿಮೋಗ್ಲೋಬಿನ್ ತಾನೇ ಪೆರಾಕ್ಸಿಡೇಸ್‌ನಂತೆ ವರ್ತಿಸಿ ಇಡೀ ಕಣವನ್ನು ಕಪ್ಪಾಗಿಸುತ್ತದೆ. ಎ-431 ಕೋಶಗಳಲ್ಲಿ ಪೆರಾಕ್ಸಿಡೇಸ್ ನಡೆದೀತು, ಆದರೆ ಅದರ ಮಸಿ ಹರಡಿಕೊಳ್ಳುತ್ತದೆ, ಎಣಿಸಲು ಬರುವುದಿಲ್ಲ. ನಿನ್ನ ರಿಸೆಪ್ಟರ್‌ಗೆ ನೆಗೆಟಿವ್ ಬೇಕಾದರೆ ಸಿಎಚ್‌ಒ ಕೋಶ ತರಿಸು. ಚೀನೀ ಹ್ಯಾಮ್‌ಸ್ಟರ್‌ನ ಆ ಕೋಶಗಳಲ್ಲಿ ಇಜಿಎಫ್ ರಿಸೆಪ್ಟರ್ ಇಲ್ಲವೆಂದು ಅದರ ಮೇಲೆ ಕೆಲಸ ಮಾಡುವವರಿಗೆಲ್ಲ ಗೊತ್ತು.

ಗದಗಿನವನು, ಈಗ ಪರದೇಶದ ಪ್ರಯೋಗಾಲಯದಲ್ಲಿ

ಎಷ್ಟು ಕಣ ಕಂಡರೆ ಗೆದ್ದಂತೆ ಎಂಬ ಲೆಕ್ಕವನ್ನು ಯಂತ್ರದ ಮುಂದೆ ಕೂರುವ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಗೆದ್ದರೂ ಸೋತೆವೆಂದು ಎದ್ದು ಬರುತ್ತೇವೆ. ಒಂದು ಕೆಂಪುಕಣದ ಮೇಲೆ ಡಿ ಪ್ರೋಟೀನು ಸುಮಾರು 10,000ದಿಂದ 30,000 ಇರುತ್ತದೆ, 20,000 ಎಂದುಕೊಳ್ಳೋಣ. ಕೆಂಪುಕಣದ ಮೇಲ್ಮೈ ಸುಮಾರು 140 ಚದರ ಮೈಕ್ರೊಮೀಟರ್. ಎಂದರೆ ಒಂದು ಚದರ ಮೈಕ್ರೊಮೀಟರ್‌ಗೆ ಸುಮಾರು 143. ಕೆಂಪುಕಣವನ್ನು ಅಡ್ಡಲಾಗಿ ಕತ್ತರಿಸಿದರೆ ಅಂಚಿನ ಉದ್ದ ಸುಮಾರು 17 ಮೈಕ್ರೊಮೀಟರ್, ಸೆಕ್ಷನ್‌ನ ದಪ್ಪ 0.07 ಮೈಕ್ರೊಮೀಟರ್. ಅಂದರೆ ನಿಮ್ಮ ಸೆಕ್ಷನ್‌ನಲ್ಲಿ ಉಳಿದದ್ದು 1.2 ಚದರ ಮೈಕ್ರೊಮೀಟರ್ ಪೊರೆ, ಅದರಲ್ಲಿ ಸುಮಾರು 170 ಪ್ರೋಟೀನು. ಹತ್ತರಲ್ಲಿ ಒಂದಕ್ಕೆ ಚಿನ್ನ ಕುಳಿತಿತು ಎಂದುಕೊಂಡರೆ ಇಡೀ ಅಂಚಿನ ಸುತ್ತ 17 ಕಣ. ಒಂದು ಮೈಕ್ರೊಮೀಟರ್ ಉದ್ದಕ್ಕೆ ಒಂದೇ ಒಂದು! ಹೆಚ್ಚು ವರ್ಧನೆಯಲ್ಲಿ ಪೊರೆಯ ಒಂದು ತುಣುಕನ್ನಷ್ಟೇ ನೋಡಿದವರಿಗೆ ಇದು ಸೋಲಿನಂತೆಯೇ ಕಂಡೀತು. ನೆಗೆಟಿವ್ ಕೆಂಪುಕಣಗಳ ಅಷ್ಟೇ ಉದ್ದದ ಅಂಚಿನ ಪಕ್ಕದಲ್ಲಿಟ್ಟಾಗ ಮಾತ್ರ ಅದು ಗೆಲುವೆಂದು ತಿಳಿಯುತ್ತದೆ.

ಎ-431 ಕೋಶಕ್ಕೆ ಇದೇ ಲೆಕ್ಕ ಹಾಕಿ. ರಿಸೆಪ್ಟರ್‌ಗಳು ಸುಮಾರು 20 ಲಕ್ಷ, ಮಡಿಕೆಗಳೂ ಸೇರಿ ಮೇಲ್ಮೈ 1400 ಚದರ ಮೈಕ್ರೊಮೀಟರ್ ಎಂದುಕೊಂಡರೆ, ಸೆಕ್ಷನ್‌ನಲ್ಲಿ ಪ್ರತಿ ಮೈಕ್ರೊಮೀಟರ್ ಅಂಚಿಗೆ ಸುಮಾರು 100 ರಿಸೆಪ್ಟರ್, ಹತ್ತರಲ್ಲಿ ಒಂದರಂತೆ 10 ಕಣ. ಕಣ್ಣಿಗೆ ಹಬ್ಬ. ಆದರೆ 40,000 ರಿಸೆಪ್ಟರ್ ಮಾತ್ರ ಇರುವ ಸಾಧಾರಣ ಕೋಶವಾದರೆ ಐದು ಮೈಕ್ರೊಮೀಟರ್‌ಗೆ ಒಂದು ಕಣ. ವಿರಳ ಪ್ರೋಟೀನನ್ನು ಸೆಕ್ಷನ್‌ನಲ್ಲಿ ಹುಡುಕುವುದು ಬಣವೆಯಲ್ಲಿ ಸೂಜಿ ಹುಡುಕಿದಂತೆ, ಅಂಥವರು ಪೊರೆಯನ್ನು ಚಪ್ಪಟೆಯಾಗಿ ಹರಡಿ ನೋಡುವುದು, ಇಲ್ಲವೇ ಸ್ಕ್ಯಾನಿಂಗ್ ಸೂಕ್ಷ್ಮದರ್ಶಕದಲ್ಲಿ ಹಿಂಚದುರಿದ ಎಲೆಕ್ಟ್ರಾನುಗಳಿಂದ ಇಡೀ ಮೇಲ್ಮೈಯ ಚಿನ್ನವನ್ನು ನೋಡುವುದು ಲೇಸು. ಗುಂಪುಗೂಡುವಿಕೆಯನ್ನು ಅಂಕಿಗಳಲ್ಲಿ ಹೇಳಬೇಕಾದವರಿಗೂ ಮೇಲಿನಿಂದ ನೋಡಿದ ಚಿತ್ರವೇ ಬೇಕು. ತೆಳುವಾದ ಅಂಚಿನಲ್ಲಿ ಅಕ್ಕಪಕ್ಕ ಮಾತ್ರ ಕಾಣುತ್ತದೆ, ಹಿಂದುಮುಂದು ಕಾಣುವುದಿಲ್ಲ.

ಉಪನ್ಯಾಸಕಿ, ರಾಣೇಬೆನ್ನೂರು

ಲೆಕ್ಕ ನೋಡಿ ಬೆರಗಾಯಿತು, ಇದನ್ನು ಹಾಗೆಯೇ ತರಗತಿಗೆ ಒಯ್ಯುತ್ತೇನೆ. ಇನ್ನೆರಡು ಪ್ರಶ್ನೆ. ಕಣ ಕಂಡ ಜಾಗದಲ್ಲಿಯೇ ಪ್ರೋಟೀನು ಇದೆ ಎಂದು ತಿಳಿಯಬಹುದೇ? ಪ್ರತಿಕಾಯವೇ ಸಿಗದ ಪ್ರೋಟೀನಿಗೆ ಬಯೋಟಿನ್ ಹಚ್ಚುತ್ತಾರೆಂದು ಓದಿದ್ದೇನೆ, ಅದು ಏನು?

ಗದಗಿನವನು, ಈಗ ಪರದೇಶದ ಪ್ರಯೋಗಾಲಯದಲ್ಲಿ

ಮೊದಲನೆಯದಕ್ಕೆ ಉತ್ತರ, ಇಲ್ಲ. ಒಂದು ಪ್ರತಿಕಾಯದ ಉದ್ದ ಹತ್ತು ಹದಿನೈದು ನ್ಯಾನೊಮೀಟರ್. ಒಂದರ ಮೇಲೊಂದು ಎರಡು ನಿಂತು, ಅದರ ತುದಿಯಲ್ಲಿ ಚಿನ್ನ ಕುಳಿತರೆ ಪ್ರೋಟೀನಿನಿಂದ 20 ನ್ಯಾನೊಮೀಟರ್‌ಗೂ ಹೆಚ್ಚು ದೂರವಾಗಬಹುದು, ಯಾವ ದಿಕ್ಕಿಗೆ ವಾಲಿದೆಯೋ ಹೇಳಲಾಗದು. ಗೂಟಕ್ಕೆ ಹಗ್ಗದಲ್ಲಿ ಕಟ್ಟಿದ ಎಮ್ಮೆ ಎಲ್ಲಿ ನಿಂತಿದೆ ಎಂಬುದರಿಂದ ಗೂಟದ ಜಾಗವನ್ನು ಅಂದಾಜು ಮಾಡಿದಂತೆ. ಹಗ್ಗ ಗಿಡ್ಡ ಮಾಡಬೇಕಾದರೆ ಫ್ಯಾಬ್ ತುಣುಕಿಗೆ ನೇರವಾಗಿ 1.4 ನ್ಯಾನೊಮೀಟರ್ ಚಿನ್ನ ಜೋಡಿಸಿದ್ದನ್ನು ಬಳಸುತ್ತಾರೆ. ಅದು ಸಾಮಾನ್ಯ ವರ್ಧನೆಯಲ್ಲಿ ಕಣ್ಣಿಗೆ ಸಿಗದಷ್ಟು ಚಿಕ್ಕದಾದ್ದರಿಂದ ಅದರ ಮೇಲೆ ಬೆಳ್ಳಿ ಬೆಳೆಸಿ ದೊಡ್ಡದು ಮಾಡಬೇಕು, ಹಾಗೆ ಬೆಳೆಸಿದ ಬೆಳ್ಳಿಯನ್ನು ಆಸ್ಮಿಯಂ ಕರಗಿಸುವುದರಿಂದ ಆಸ್ಮಿಯಂ ಪ್ರಮಾಣ ಇಳಿಸಬೇಕು. ಸಾಮಾನ್ಯ ನಿಯಮವೆಂದರೆ ಕಣ ಚಿಕ್ಕದಾದಷ್ಟೂ ಹೆಚ್ಚು ಕುಳಿತುಕೊಳ್ಳುತ್ತವೆ, ದೊಡ್ಡದಾದಷ್ಟೂ ಸುಲಭವಾಗಿ ಕಾಣುತ್ತವೆ. 10 ನ್ಯಾನೊಮೀಟರ್ ಇವೆರಡರ ನಡುವಿನ ರಾಜಿ.

ಬಯೋಟಿನ್ ಬೇರೆ ಕೆಲಸಕ್ಕೆ. ಸಲ್ಫೊ-ಎನ್‌ಎಚ್‌ಎಸ್ ಬಯೋಟಿನ್ ಪೊರೆಯನ್ನು ದಾಟಲಾರದು, ಹೊರಗೆ ಸಿಕ್ಕಿದ ಲೈಸಿನ್‌ಗಳಿಗೆಲ್ಲ ಅಂಟುತ್ತದೆ. ಅದರ ಮೇಲೆ ಸ್ಟ್ರೆಪ್ಟಾವಿಡಿನ್ ಜೋಡಿಸಿದ ಚಿನ್ನ ಬಿಟ್ಟರೆ ಬಿಡಿಸಲಾಗದಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಇದು ಯಾವ ಪ್ರೋಟೀನೆಂದು ಹೇಳದು, ಹೊರಮೈಯ ಪ್ರೋಟೀನುಗಳನ್ನೆಲ್ಲ ಒಟ್ಟಾಗಿ ತೋರಿಸುತ್ತದೆ. ಟ್ರಿಸ್ ಬಫರ್‌ನಲ್ಲಿ ಮಾಡಬೇಡಿ, ಟ್ರಿಸ್‌ನ ಅಮೈನ್ ಗುಂಪೇ ಬಯೋಟಿನ್ನನ್ನು ತಿಂದು ಮುಗಿಸುತ್ತದೆ.

ನಿವೃತ್ತ ತಂತ್ರಜ್ಞ, ಸಪ್ತಾಪುರ

ಇನ್ನು ಅಡುಗೆಮನೆಯ ಮಾತು. ಚಿನ್ನದ ಬಾಟಲಿ ಹಳೆಯದಾದರೆ ಕಣಗಳು ತಾವೇ ಗೊಂಚಲಾಗುತ್ತವೆ. ಬಳಸುವ ಮೊದಲು ಮೆಲ್ಲನೆ ಒಮ್ಮೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನದನ್ನಷ್ಟೇ ತೆಗೆದುಕೊ, ಇಲ್ಲದಿದ್ದರೆ ಆ ಗೊಂಚಲುಗಳನ್ನು ರಿಸೆಪ್ಟರ್ ಗುಂಪೆಂದು ಬರೆದುಬಿಡುವೆ. ಸೀಸದ ಸಿಟ್ರೇಟ್ ಬಣ್ಣ ಕೊಡುವಾಗ ತಟ್ಟೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಹರಳುಗಳನ್ನಿಟ್ಟು ಮುಚ್ಚು, ಅದರ ಮೇಲೆ ಉಸಿರು ಬಿಡಬೇಡ. ಉಸಿರಿನ ಇಂಗಾಲದ ಡೈಆಕ್ಸೈಡ್‌ನಿಂದ ಸೀಸದ ಕಾರ್ಬೊನೇಟ್ ಕೂತು ಕಪ್ಪು ಚುಕ್ಕೆಗಳಾಗುತ್ತವೆ. ಚಿನ್ನ ಗುಂಡಗೆ, ಒಂದೇ ಗಾತ್ರದಲ್ಲಿರುತ್ತದೆ, ಸೀಸದ ಕಸ ಅಂಕುಡೊಂಕಾಗಿರುತ್ತದೆ. ಅನುಮಾನ ಬಂದರೆ ಬಣ್ಣ ಕೊಡದ ಒಂದು ಗ್ರಿಡ್ ಪಕ್ಕದಲ್ಲಿಟ್ಟುಕೊಂಡು ನೋಡು.

ಧಾರವಾಡದ ಮಳೆಗಾಲದಲ್ಲಿ ರೆಸಿನ್ ಬಗ್ಗೆ ವಿಶೇಷ ಎಚ್ಚರ ಬೇಕು. ಎಪಾಕ್ಸಿಯ ಘಟಕಗಳು ಗಾಳಿಯ ತೇವ ಹೀರಿದರೆ ಬ್ಲಾಕ್ ರಬ್ಬರಿನಂತಾಗಿ ಚಾಕು ಇಳಿಯುವುದಿಲ್ಲ. ಬಾಟಲಿಗಳು ಫ್ರಿಜ್‌ನಿಂದ ಹೊರಬಂದು ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲಷ್ಟೇ ಮುಚ್ಚಳ ತೆಗೆ. 60 ಡಿಗ್ರಿ ಒಲೆಯಲ್ಲಿ ಎರಡು ದಿನ ಇಡುವಾಗ ಕರೆಂಟು ಹೋದರೆ ಗಾಬರಿ ಬೇಡ, ಬಂದ ಮೇಲೆ ಅಷ್ಟು ಹೊತ್ತು ಹೆಚ್ಚಿಗೆ ಇಟ್ಟರಾಯಿತು. ಬ್ಲಾಕ್‌ಗಳನ್ನು ಬೆಂಗಳೂರಿಗೆ ಒಯ್ಯುವುದಾದರೆ ಗಟ್ಟಿಯಾದ ಬ್ಲಾಕ್‌ಗಳನ್ನೇ ಒಯ್ಯಿ. ರಾತ್ರಿ ರೈಲಿನಲ್ಲಿ ಫಿಕ್ಸೆಟಿವ್‌ನ ಸೀಸೆ ಹಿಡಿದು ಕೂರುವುದಕ್ಕಿಂತ ಪೇಡೆಯ ಡಬ್ಬಿಯಲ್ಲಿ ಹತ್ತಿ ಹಾಸಿ ಬ್ಲಾಕ್ ಇಟ್ಟುಕೊಂಡು ಹೋಗುವುದು ಸುಖ. ನಾನು ಹಾಗೆಯೇ ಒಯ್ಯುತ್ತಿದ್ದೆ, ತಪಾಸಣೆಯವರು ಒಮ್ಮೆ ತೆರೆಸಿ ನಿರಾಶರಾದರು.

ಸಂಶೋಧನಾರ್ಥಿ, ಧಾರವಾಡ

ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ಮೊದಲು ಕೆಂಪುಕಣಗಳ ಜೋಡಿಯಲ್ಲಿ ಕೈ ಪಳಗಿಸಿಕೊಳ್ಳುತ್ತೇನೆ, ನೈತಿಕ ಸಮಿತಿಗೆ ಅರ್ಜಿ ಬರೆದಾಗಿದೆ. ಹೊಸ ಪ್ರತಿಕಾಯ ಬಂದೊಡನೆ ನಾಲ್ಕು ಕವರ್‌ಸ್ಲಿಪ್‌ನ ಪರೀಕ್ಷೆ, ಆಮೇಲೆ ಎ-431 ಮತ್ತು ಸಿಎಚ್‌ಒ ಕೋಶಗಳನ್ನು ಒಂದೇ ದಿನ, ಒಂದೇ ಬಾಟಲಿಯ ಚಿನ್ನದಿಂದ ಮಾಡುತ್ತೇನೆ. ಎಣಿಸುವಾಗ ಯಾವ ಗ್ರಿಡ್ ಯಾವುದೆಂದು ನನಗೆ ತಿಳಿಯದಂತೆ ಗೆಳತಿಯೊಬ್ಬಳಿಂದ ಸಂಖ್ಯೆ ಬರೆಸಿಕೊಳ್ಳುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ: ಹಿಂದೆ ಸೆಕ್ಷನ್ ಮೇಲೆ ಗುರುತು ಹಚ್ಚುವಾಗ ನಿಕಲ್ ಗ್ರಿಡ್ ಬಳಸಿದ್ದೆ, ಅವು ಚಿಮುಟಕ್ಕೆ ಅಯಸ್ಕಾಂತದಂತೆ ಅಂಟಿಕೊಂಡು ತುಂಬಾ ಕಾಡಿದವು. ಈಗಲೂ ಅವೇ ಬೇಕೇ?

ನಿವೃತ್ತ ತಂತ್ರಜ್ಞ, ಸಪ್ತಾಪುರ

ಬೇಡ ತಂಗಿ. ಗಂಟೆಗಟ್ಟಲೆ ಉಪ್ಪಿನ ಬಫರ್ ಮೇಲೆ ತೇಲಿಸಿದರೆ ತಾಮ್ರ ಕಿಲುಬು ಹಿಡಿಯುತ್ತದೆಂದು ಅಲ್ಲಿ ನಿಕಲ್ ಬಳಸುತ್ತಿದ್ದೆವು. ಈಗ ಚಿನ್ನ ಬ್ಲಾಕ್ ಒಳಗೇ ಇದೆ, ಗ್ರಿಡ್ ಬಫರನ್ನು ಮುಟ್ಟುವುದೇ ಇಲ್ಲ. ತಾಮ್ರದ್ದೇ ಸಾಕು.